ಹುಲ್ಲಲ್ಲಿ ಮಲಗಿದ ಮರಿಗೆ ತಾಯಿ ಇದ್ದಾಳೆ

ಕೊಂಡ್ಲಹಳ್ಳಿಯ ಕುರಿ ಸಾಕುವ ಜುಂಜಮ್ಮ ಮಧ್ಯಾಹ್ನದ ಬಸ್ಸಿಗೆ ಚಳ್ಳಕೆರೆಯಲ್ಲಿ ಇಳಿದವಳೇ ಸೀದಾ ನಮ್ಮ ಎಣ್ಣೆ ಮಿಲ್ಲಿನ ಹಿತ್ತಲಿಗೆ ನುಗ್ಗಿದಳು. ಕಂಕುಳಲ್ಲಿ ಕಂಬಳಿ, ಕಂಬಳಿಯೊಳಗೆ ಎರಡು ಕಿವಿ.

"ದಾಕ್ಷಾಯಿಣಕ್ಕ, ಜಿಂಕೆ ಮರಿ ಕಣ್ರಿ. ಪಾಪ, ತಬ್ಬಲಿ. ನೀವು ಸಾಕ್ತೀರಂತಲ್ಲ!"

ಆ ಹಿತ್ತಲಲ್ಲಿ ನಾವು ನಾಲ್ಕೈದು ಮಂದಿ ಸೇರಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ತಾಯಿ ಸತ್ತ ಕಾಡುಪ್ರಾಣಿಗಳ ಆರೈಕೆ ಮಾಡುತ್ತಿದ್ದೆವು. ಆಗಿನ್ನೂ ಎಲ್ಲರ ಕೈಗೆ ಮೊಬೈಲ್ ಬಂದಿರಲಿಲ್ಲ. ಮರಿ ಸಿಕ್ಕಿತೆಂದರೆ ಜನ ಕೇಳದೆ ಹೊತ್ತುಕೊಂಡೇ ಬರುತ್ತಿದ್ದರು. ನನ್ನ ಜೀವ ತಿನ್ನುತ್ತಿದ್ದುದು ಅದೇ.

"ತಾಯಿ ಸತ್ತಿದ್ದು ನೋಡಿದ್ಯಾ?"

"ಇಲ್ಲಕ್ಕ. ಬೆಳಿಗ್ಗೆ ಹುಲ್ಲಾಗೆ ಒಂದೇ ಬಿದ್ದಿತ್ತು. ಕೂಗ್ಲಿಲ್ಲ, ಓಡ್ಲಿಲ್ಲ. ನಮ್ಮ ಕುರಿಮರಿ ಆಗಿದ್ರೆ ಅವ್ವ ಕಾಣ್ದಿದ್ರೆ ಊರೇ ಒಂದು ಮಾಡ್ತಿತ್ತು. ಇದುಕ್ಕೆ ಯಾರೂ ಇಲ್ಲ ಅಂತ ಎತ್ಕೊಂಡೆ."



"ಅಯ್ಯೋ, ಜಿಂಕೆ ಕುರಿಯಲ್ಲ ಕಣಮ್ಮ! ಮರೀನ ಹುಲ್ಲಲ್ಲಿ ಬಚ್ಚಿಟ್ಟು ತಾಯಿ ದೂರ ಮೇಯ್ತಾಳೆ. ಹತ್ರ ನಿಂತ್ರೆ ತೋಳಕ್ಕೆ ಗೊತ್ತಾಗ್ತೈತಲ್ಲ, ಅದಕ್ಕೆ. ಹಾಲು ಕುಡಿಸೋಕೆ ಮಾತ್ರ ಬರ್ತಾಳೆ. ಈಗ ಅಲ್ಲಿ ಹುಡುಕ್ತಿರ್ತಾಳೆ!"

ಜುಂಜಮ್ಮನ ಮುಖ ಸಣ್ಣದಾಯಿತು. "ಆಗಿದ್ದಾಯ್ತು. ನೀವೇ ಸೀಸೇಲಿ ಹಾಲು ಹಾಕಿ ಬೆಳೆಸ್ರಿ."

"ಅಲ್ಲಿ ನೋಡು," ಎಂದೆ. ಬೇಲಿಯೊಳಗಿದ್ದ ದೊಡ್ಡ ಜಿಂಕೆ ನಮ್ಮ ದನಿ ಕೇಳಿದ್ದೇ ಓಡಿ ಬಂದು ನನ್ನ ಸೆರಗು ಜಗ್ಗಿತು. "ಸೀಸೆ ಹಾಲಲ್ಲಿ ಬೆಳೆದದ್ದು. ನಾಯಿ ಬಂದ್ರೂ ಓಡಲ್ಲ. ಇದನ್ನ ಎಲ್ಲಿಗೆ ಅಂತ ಬಿಡ್ಲಿ?"

ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ. ಮರಿಯನ್ನು ಸಿಕ್ಕಿದಲ್ಲಿಗೇ ವಾಪಸ್ ಬಿಡುತ್ತೇವೆಂದು ಅರಣ್ಯ ಕಚೇರಿಗೆ ಫೋನ್ ಮಾಡಿ ತಿಳಿಸಿದೆ. ಊಟಕ್ಕೆ ಕೂತಿದ್ದ ನಮ್ಮ ಮನೆಯವರಾದ ಓಂಕಾರಮೂರ್ತಿಯವರನ್ನು ಎಬ್ಬಿಸಿ ಜೀಪು ಹತ್ತಿಸಿದೆ. "ಈ ಮನೇಲಿ ಜಿಂಕೆಗಿರೋ ಮರ್ಯಾದೆ ನನಗಿಲ್ಲ," ಎಂದು ಗೊಣಗಿದರೂ ಗಾಡಿಯನ್ನು ಜೋರಾಗಿಯೇ ಓಡಿಸಿದರು.

ಅರ್ಧ ದಾರಿಯಲ್ಲಿ ಜುಂಜಮ್ಮ ಮೆಲ್ಲಗೆ ಬಾಯಿ ಬಿಟ್ಟಳು. "ಅಕ್ಕ, ಕುರಿ ಕೆಳಗೆ ಕುಡಿಸಾನ ಅಂತ ಅದರ ಹಾಲನ್ನ ಮರಿ ಮೈಗೆಲ್ಲ ಸವರಿದ್ದೆ."

ತಬ್ಬಲಿ ಕುರಿಮರಿಯನ್ನು ಬೇರೆ ಕುರಿಗೆ ಕೂಡಿಸುವಾಗ ಹಾಗೆ ಸವರುವುದು ಅವರ ರೂಢಿ. ತನ್ನ ಹಾಲಿನ ವಾಸನೆ ಬಂದರೆ ಕುರಿ ಒದೆಯುವುದಿಲ್ಲ. ಆದರೆ ಈಗ ಜಿಂಕೆ ಮರಿಯ ಮೈತುಂಬ ಕುರಿ ವಾಸನೆ!

"ಸೇರಿಸ್ಕಳ್ತಾಳಾ ಅಕ್ಕ?"

"ಮನುಷ್ಯರು ಮುಟ್ಟಿದ್ರೂ ಸಾಮಾನ್ಯವಾಗಿ ತಾಯಿ ಮರೀನ ಕೈಬಿಡಲ್ಲ. ಆದ್ರೆ ಇದು... ಗೊತ್ತಿಲ್ಲ ಜುಂಜಮ್ಮ."

ಒಣ ಬಟ್ಟೆಯಲ್ಲಿ ಮರಿಯ ಮೈ ಒರೆಸುತ್ತಲೇ ಹೋದೆ. ಹೊತ್ತು ಇಳಿಯುತ್ತಿತ್ತು. ಕೂತಲ್ಲಿ ಕೂರಲಾಗಲಿಲ್ಲ.

ಕೊಂಡ್ಲಹಳ್ಳಿಯ ಹುಲ್ಲುಗಾವಲಿನಲ್ಲಿ ಜುಂಜಮ್ಮನ ಗಂಡ ಚಿಕ್ಕೀರಪ್ಪ ಕುರಿ ಮೇಯಿಸುತ್ತಿದ್ದ. ಜೊತೆಗೆ ನಾಯಿಗಳು ಬೇರೆ.

"ವಾಸನೆ ಕೆಟ್ಟ ಮರೀನ ತಾಯಿ ಮೂಸಿ ನೋಡಲ್ಲ ಬಿಡ್ರಮ್ಮ. ಸುಮ್ನೆ ನಾಯಿ ಪಾಲಾಗ್ತೈತೆ."

"ಮೊದ್ಲು ಆ ನಾಯಿ ಕಟ್ಟಪ್ಪ! ಕುರೀನ ಆ ಕಡೆ ಹೊಡಿ!" ಎಂದು ರೇಗಿದೆ.

ಬೆಳಿಗ್ಗೆ ಸಿಕ್ಕಿದ್ದ ಜಾಗದಲ್ಲೇ ಮರಿಯನ್ನು ಮಲಗಿಸಿ, ಎಲ್ಲರೂ ದೂರದ ಜಾಲಿ ಪೊದೆಯ ಹಿಂದೆ ಕೂತೆವು. ಬಿಸಿಲು ಕೆಂಪಾಗುವ ಹೊತ್ತಿಗೆ ತಾಯಿ ಬಂದಳು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ, ಕಿವಿ ನಿಮಿರಿಸುತ್ತ ಹತ್ತಿರವಾದಳು. ಮರಿಯನ್ನು ಮೂಸಿದಳು. ಬೆಚ್ಚಿ ಹಿಂದೆ ಹಾರಿ, ತಿರುಗಿ ನಡೆದೇಬಿಟ್ಟಳು.

"ನಾನೇ ಕೆಡಿಸ್ದೆ," ಎಂದು ಜುಂಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಅಷ್ಟರಲ್ಲಿ ಮರಿ ಸಣ್ಣಗೆ ಕೂಗಿತು. ತಾಯಿ ನಿಂತಳು. ಮರಳಿ ಬಂದು ಮತ್ತೆ ಮೂಸಿ, ಬೆನ್ನು ನೆಕ್ಕತೊಡಗಿದಳು. ಮರಿ ನಡುಗುವ ಕಾಲಲ್ಲಿ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು. ನಾನು ಅತ್ತೇಬಿಟ್ಟೆ, ಜುಂಜಮ್ಮನೂ ಅತ್ತಳು.

ಚಿಕ್ಕೀರಪ್ಪ ತಲೆ ಕೆರೆದುಕೊಂಡ. "ಇನ್ಮೇಲೆ ಇಂಥ ಮರಿ ಕಂಡ್ರೆ ನಾಯಿ ಹಿಡ್ಕೊಂಡು ದೂರ ಹೋಗ್ತೀವಿ ಕಣ್ರಮ್ಮ. ನಮ್ಮೋರಿಗೂ ಹೇಳ್ತೀನಿ."

ನಿಮ್ಮನ್ನೂ ಕೇಳಿಕೊಳ್ಳುತ್ತೇನೆ. ಜಿಂಕೆ ಮರಿ ಒಂಟಿಯಾಗಿ ಮಲಗಿದ್ದರೆ ಎತ್ತಬೇಡಿ, ಹಾಲು ಹಾಕಬೇಡಿ. ನಾಯಿ ಕಟ್ಟಿ ದೂರ ಸರಿಯಿರಿ. ಮರಿಗೆ ಗಾಯವಾಗಿದ್ದರೆ, ಇಲ್ಲವೇ ಪಕ್ಕದಲ್ಲಿ ತಾಯಿ ಸತ್ತು ಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕಾಡುಪ್ರಾಣಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವೂ ಹೌದು. ತಬ್ಬಲಿಗಳಿಗೆ ನಮ್ಮ ಹಿತ್ತಲ ಬಾಗಿಲು ಯಾವತ್ತೂ ತೆರೆದೇ ಇದೆ. ತಾಯಿ ಇರುವ ಮರಿಯನ್ನು ಮಾತ್ರ ತಬ್ಬಲಿ ಮಾಡಿ ತರಬೇಡಿ.