ಗೋಡೆಯಾಚೆ ಬಿಟ್ಟ ಹಾವು

ಶ್ರಾವಣ ಹಿಡಿದ ಮೇಲೆ ಹದಿನೆಂಟು ದಿನಗಳಲ್ಲಿ ಮೂರು ಹಾವು. ವಡೋದರಾದಲ್ಲಿ, ಅದೂ ವಿಶ್ವಾಮಿತ್ರಿ ನದಿಯ ಮಗ್ಗುಲಲ್ಲೇ ಮನೆ ಕಟ್ಟಿಕೊಂಡವರಿಗೆ ಮಳೆಗಾಲದ ಹಾವು ಹೊಸದಲ್ಲ. ಆದರೆ ಸರಯೂಬೆನ್‌ಗೆ ಅನುಮಾನ ಬಂದದ್ದು ಹಾವಿನ ಮೇಲಲ್ಲ, ಹಾವು ಹಿಡಿಯುವವನ ಮೇಲೆ.

ಖುಮಾನ್ ರಾಠ್ವಾ ಎಂಬ ಆ ಮನುಷ್ಯ ಫೋನ್ ಮಾಡಿದ ಏಳೇ ನಿಮಿಷಕ್ಕೆ ಸ್ಕೂಟರಿನಲ್ಲಿ ಬಂದಿಳಿಯುತ್ತಿದ್ದ. ನೇರ ಹೋಗಿ, ಹಾವು ಮೊದಲೇ ವಿಳಾಸ ಹೇಳಿತ್ತೇನೋ ಎಂಬಂತೆ, ಕುಂಡದ ಹಿಂದಿನಿಂದಲೋ ಮೆಟ್ಟಿಲ ಕೆಳಗಿನಿಂದಲೋ ಎತ್ತಿ ಚೀಲಕ್ಕೆ ಹಾಕುತ್ತಿದ್ದ. ದುಡ್ಡು ಕೊಟ್ಟರೆ ಬೇಡವೆನ್ನುತ್ತಿದ್ದ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಸುಳ್ಳನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡಿದ್ದ ಸರಯೂಬೆನ್‌ಗೆ, ಏನೂ ಬೇಡವೆನ್ನುವವನ ಮೇಲಿನಷ್ಟು ಸಂಶಯ ಬೇರೆ ಯಾರ ಮೇಲೂ ಹುಟ್ಟುತ್ತಿರಲಿಲ್ಲ.

"ಬರೋವಾಗ್ಲೇ ಅವನ ಚೀಲ ಭಾರ ಇರ್ತದೆ, ನೋಡಿದ್ದೀರಾ?" ಎಂದು ತಮ್ಮ ವಸತಿ ಸೊಸೈಟಿಯ ಕಾರ್ಯದರ್ಶಿ ಪ್ರದ್ಯುಮ್ನಭಾಯ್‌ನನ್ನು ಕೇಳಿದಳು.

"ನೀವು ಚಹಾದಲ್ಲಿ ಶುಂಠಿ ಕಂಡ್ರೂ ಅನುಮಾನ ಪಡ್ತೀರಿ, ಬೆನ್," ಎಂದು ಅವನು ನಕ್ಕ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಆರೂವರೆಗೆ ಸರಯೂಬೆನ್ ಎಂದಿನಂತೆ ಹಿತ್ತಲ ಗೋಡೆಯ ಬುಡದಲ್ಲಿ ಪಾರಿವಾಳಗಳಿಗೆ ಎರಡು ಡಬ್ಬಿ ಸಜ್ಜೆ ಚೆಲ್ಲಿ ತಲೆಯೆತ್ತಿದರೆ, ಗೋಡೆಯಾಚೆಯ ಜಾಲಿ ಪೊದೆಯ ಹತ್ತಿರ ಖುಮಾನ್ ಕುಕ್ಕರುಗಾಲಲ್ಲಿ ಕೂತಿದ್ದ. ಚೀಲದ ಬಾಯಿ ಬಿಚ್ಚಿದ. ಮಾರುದ್ದದ ಹಾವೊಂದು ಸರ್ರನೆ ಹೊರಬಂದು ಹುಲ್ಲಿನಲ್ಲಿ ಮಾಯವಾಯಿತು. ಅವನು ಆಚೀಚೆ ನೋಡಿ, ಚೀಲ ಕೊಡವಿ, ಹೊರಟುಹೋದ.

ಅಂದು ಸಂಜೆ ಸೊಸೈಟಿಯ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಖುಮಾನ್‌ನನ್ನೂ ಕರೆಸಿದರು.

"ಹೌದು, ಬಿಟ್ಟೆ," ಅಂದ ಅವನು. "ಮೊನ್ನೆ ನಿಮ್ಮ ಮೆಟ್ಟಿಲ ಕೆಳಗೆ ಸಿಕ್ತಲ್ಲ, ಅದೇ ಕೇರೆಹಾವು."

"ನೋಡಿದ್ರಾ! ಹಿಡಿಯೋನೂ ಇವನೇ, ಬಿಡೋನೂ ಇವನೇ!" ಎಂದಳು ಸರಯೂಬೆನ್.

"ಮಾಸಿ," ಎಂದು ಚಿಕ್ಕಮ್ಮನನ್ನು ಕರೆಯುವಂತೆ ಕರೆದ ಖುಮಾನ್. "ಅದಕ್ಕೆ ವಿಷ ಇಲ್ಲ. ಇಪ್ಪತ್ತು ಮೈಲಿ ಆಚೆ ಬಿಟ್ರೆ ಬಿಲ ಗೊತ್ತಿಲ್ಲ, ನೀರು ಗೊತ್ತಿಲ್ಲ, ಅಲೆದಲೆದು ಸಾಯ್ತದೆ. ಇಲ್ಲೇ ಇದ್ರೆ ಇಲಿ ತಿನ್ಕೊಂಡು ಇರ್ತದೆ. ಇಲಿ ಕಮ್ಮಿ ಆದ್ರೆ ನಾಗರ ಬರೋದೂ ಕಮ್ಮಿ."

"ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಡೋಕೆ ಬಿಡ್ತಿದ್ರಾ?"

ಇನ್ನು ಮೇಲೆ ಅವನು ಗೇಟಿನೊಳಗೆ ಕಾಲಿಡಕೂಡದು ಎಂದು ತೀರ್ಮಾನವಾಯಿತು. ಖುಮಾನ್ ಎದ್ದು ನಿಂತು ಇಷ್ಟೇ ಹೇಳಿದ: "ಆಯ್ತು. ಆದ್ರೆ ಹಾವು ಕಂಡ್ರೆ ಹತ್ರ ಹೋಗ್ಬೇಡಿ, ಅದರ ಮೇಲಿಂದ ಕಣ್ಣೂ ತೆಗೀಬೇಡಿ. ಫಿನಾಯಿಲ್ ಸುರೀಬೇಡಿ, ಕೋಲು ಹಾಕ್ಬೇಡಿ."

ನಾಲ್ಕು ದಿನ ಕಳೆಯಿತು. ಜೊತೆಗಿದ್ದ ಮಗಳು ಆಸ್ಪತ್ರೆಯ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ, ಸರಯೂಬೆನ್ ಹಿಂದಿನ ಬಾಗಿಲು ತೆರೆದು ಬಟ್ಟೆ ಒಗೆಯುವ ಕಲ್ಲಿನ ಕಡೆ ಹೆಜ್ಜೆಯಿಡಬೇಕು, ಅಷ್ಟರಲ್ಲಿ ಪ್ರೆಶರ್ ಕುಕ್ಕರಿನಂಥ ಬುಸ್ ಸದ್ದು. ಕಲ್ಲಿನ ಮಗ್ಗುಲಲ್ಲಿ ನಾಗರಹಾವು ಹೆಡೆಯೆತ್ತಿ ನಿಂತಿತ್ತು. ಅವಳು ಅರಚಿದ್ದಕ್ಕೆ ಪ್ರದ್ಯುಮ್ನಭಾಯ್ ಓಡಿಬಂದ. ಮೊದಲು ನಾಗದೇವತೆಗೆ ಕೈಮುಗಿದ. ಆಮೇಲೆ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫಿನಾಯಿಲ್ ಬಾಟಲಿ ಹಿಡಿದ.

"ಬೇಡ," ಎಂದಳು ಸರಯೂಬೆನ್. ಯಾರ ಮಾತನ್ನು ಆಡುತ್ತಿದ್ದೇನೆಂದು ಅವಳಿಗೇ ಗೊತ್ತಿತ್ತು.

ಅವನು ಕೇಳಲಿಲ್ಲ. ಕೋಲಿನಿಂದ ತಿವಿದ. ಹಾವು ಎಗರಿ ಕೋಲಿಗೇ ಹೊಡೆಯಿತು. ಕೋಲು, ಬಾಟಲಿ ಎರಡನ್ನೂ ಬಿಸಾಕಿ ಹಿಂದೆ ಸರಿದವನು ಒದ್ದೆ ನೆಲದಲ್ಲಿ ಜಾರಿ ಧೊಪ್ಪೆಂದು ಬಿದ್ದ. ಸರಯೂಬೆನ್ ಅವನ ಅಂಗಿ ಹಿಡಿದು ಒಳಗೆಳೆದು, ಬಾಗಿಲು ಹಾಕಿ, ಕಿಟಕಿಯ ಬಳಿ ನಿಂತು ಖುಮಾನ್‌ಗೆ ಫೋನ್ ಮಾಡಿದಳು.

ಈ ಸಲ ಹತ್ತೊಂಬತ್ತು ನಿಮಿಷ. ಬೇಕೆಂದೇ ತಡ ಮಾಡುತ್ತಿದ್ದಾನೆ, ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಲೇ ಅವಳು ಹಾವಿನಿಂದ ಕಣ್ಣು ತೆಗೆಯಲಿಲ್ಲ. ಖುಮಾನ್ ಬಂದಾಗ ಅವನ ಶರ್ಟು ಬೆವರಿನಿಂದ ಬೆನ್ನಿಗೆ ಅಂಟಿತ್ತು. "ಎಲ್ಲಿದೆ?" ಎಂದ. ಅವಳು ಬೆರಳು ತೋರಿಸಿದಳು. "ಕಣ್ಣಿಟ್ಟು ಕಾದಿದ್ದು ಒಳ್ಳೇದಾಯ್ತು," ಎಂದವನೇ ಕೊಕ್ಕೆಯಿಂದ ಮೆಲ್ಲಗೆ ಎತ್ತಿ, ಚೀಲಕ್ಕಿಳಿಸಿ, ಬಾಯಿ ಕಟ್ಟಿ, ಡಬ್ಬಿಯೊಳಗಿಟ್ಟ.

ಆಮೇಲೆ ಒಗೆಯುವ ಕಲ್ಲಿನ ಬುಡಕ್ಕೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದ. ಅಲ್ಲೊಂದು ಬಿಲ. ಕಡ್ಡಿ ಹಾಕಿ ಕೆದಕಿದರೆ ಇಲಿಯ ಹಿಕ್ಕೆಯ ಜೊತೆ ಹಿಡಿ ಹಿಡಿಯಾಗಿ ಕಾಳು ಬಂತು.

"ಇದು ಯಾರ ಮನೆ ಸಜ್ಜೆ, ಮಾಸಿ?"

ಎರಡು ಡಬ್ಬಿಯಲ್ಲಿ ಪಾರಿವಾಳ ತಿಂದದ್ದೆಷ್ಟು, ಉಳಿದದ್ದೆಷ್ಟು ಎಂದು ಸರಯೂಬೆನ್ ಒಂದು ದಿನವೂ ನೋಡಿರಲಿಲ್ಲ. ಆದರೂ ಕೇಳಿದಳು: "ಇದನ್ನೆಲ್ಲಿ ಬಿಡ್ತೀಯಾ? ನಿಜ ಹೇಳು."

"ಅರಣ್ಯ ಇಲಾಖೆಯವರಿಗೆ ತಿಳಿಸಿ, ಆಮೇಲೆ ನದಿ ಬಯಲಲ್ಲಿ, ಜನ ಓಡಾಡದ ಕಡೆ. ನಂಬಿಕೆ ಇಲ್ದಿದ್ರೆ ಗಾಡಿ ಹತ್ತಿ."

ನಂಬಿಕೆ ಇರಲಿಲ್ಲ. ಹತ್ತಿದಳು. ನದಿಯ ಏರಿಯಿಂದ ಆಚೆ, ಆನೆಯೆತ್ತರದ ಹುಲ್ಲಿನ ಅಂಚಿನಲ್ಲಿ ಅವನು ಚೀಲ ಬಿಚ್ಚಿದ. ನಾಗರ ಅವಸರವಿಲ್ಲದೆ ಹೊರಬಂದು ಹುಲ್ಲಿನೊಳಗೆ ಸೇರಿತು.

"ಮುಖ ಯಾವ ಕಡೆ ಇತ್ತು?" ಎಂದಳು.

"ನದಿ ಕಡೆ."

"ನನಗೆ ನಮ್ಮ ಸೊಸೈಟಿ ಕಡೆ ಕಂಡ ಹಾಗಾಯ್ತು."

"ಹಾಗಾದ್ರೆ ಸ್ವಲ್ಪ ನಿಲ್ಲೋಣ," ಎಂದು ಖುಮಾನ್ ಏರಿಯ ಮೇಲೆ ಕೂತ. ಕಾಲು ಗಂಟೆ ಕಾದರು. ಯಾವುದೂ ತಿರುಗಿ ಬರಲಿಲ್ಲ.

ಮಾರನೆಯ ದಿನ ಅವಳು ಬಿಲಗಳಿಗೆ ಸಿಮೆಂಟ್ ತುಂಬಿಸಿದಳು, ನೀರು ಹೋಗುವ ತೂತುಗಳಿಗೆ ಜಾಲರಿ ಹಾಕಿಸಿದಳು. ಕಾಳನ್ನು ಮಹಡಿಯ ಮೇಲೆ ತಟ್ಟೆಯಲ್ಲಿಟ್ಟು, ಪಾರಿವಾಳ ಹಾರಿದ ಕೂಡಲೇ ಉಳಿದದ್ದನ್ನು ಗುಡಿಸತೊಡಗಿದಳು. ಕಟ್ಟೆಯ ಮೇಲೆ ಮತ್ತೆ ಸಭೆ ಕರೆಸಿ, ಬಿಲದಲ್ಲಿದ್ದದ್ದು ತನ್ನ ಸಜ್ಜೆಯೆಂದು ಎಲ್ಲರ ಮುಂದೆ ಒಪ್ಪಿಕೊಂಡಳು. ಖುಮಾನ್‌ಗೆ ಗೇಟು ತೆರೆಯಬೇಕು, ಆದರೆ ಯಾವ ಹಾವನ್ನು ಎಲ್ಲಿ ಬಿಟ್ಟನೆಂದು ಅವನು ಪ್ರತಿ ಸಲ ಸೊಸೈಟಿಯ ಫಲಕದಲ್ಲಿ ಬರೆಯಬೇಕು ಎಂದಳು. ಖುಮಾನ್ ಒಪ್ಪಿದ.

ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕೂತಿದ್ದ ಪ್ರದ್ಯುಮ್ನಭಾಯ್ ಪಕ್ಕದವರ ಕಿವಿಯ ಹತ್ತಿರ ಬಾಗಿದ. "ಅವತ್ತು ಅವನ ಸ್ಕೂಟರ್ ಹಿಂದೆ ಕೂತ್ಕೊಂಡು ಎಲ್ಲಿಗೋ ಹೋಗಿ ಬಂದ್ರಂತೆ. ಬೆನ್ ಇಷ್ಟು ಬೇಗ ಮನಸ್ಸು ಬದಲಾಯಿಸೋರಲ್ಲ. ಏನೋ ಇದೆ, ನೋಡ್ತಾ ಇರಿ."