ಹಣಮಂತಪ್ಪನ ಮೋಟಾರು ಏರು ಹತ್ತಿದ್ದು

ಬೈಲಹೊಂಗಲದ ಹತ್ತಿ ವ್ಯಾಪಾರಿ ಮಲಕಾಜಪ್ಪ ಸಾವಕಾರರು ೧೯೧೩ರಲ್ಲಿ ಮುಂಬಯಿಯಿಂದ ಮೋಟಾರು ತರಿಸಿದಾಗ, ಅದನ್ನು ನಡೆಸುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ದೊಡವಾಡದ ಹಣಮಂತಪ್ಪ ಇರುವಾಗ ಬೇರೆಯವರ ಹೆಸರೇಕೆ? ಇಪ್ಪತ್ತು ವರ್ಷ ಸಾವಕಾರರ ಹತ್ತಿಯ ಚಕ್ಕಡಿ ಹೊಡೆದವನು, ಒಂದು ಸಲವೂ ಏರಿನಲ್ಲಿ ಗಾಡಿ ನಿಲ್ಲಿಸಿದವನಲ್ಲ. ಎತ್ತು ಬಲ್ಲವನಿಗೆ ಮೋಟಾರು ಯಾವ ಲೆಕ್ಕ ಎಂದರು ಸಾವಕಾರರು. ಹಣಮಂತಪ್ಪನೂ ಹಾಗೆಯೇ ತಿಳಿದು, ತನ್ನ ಜೋಡೆತ್ತು ಮಾರಿ, ಒಂದು ಖಾಕಿ ಕೋಟು ಹೊಲಿಸಿಕೊಂಡ. ಇಬ್ಬರೂ ಎಡವಿದ್ದು ಅಲ್ಲಿಯೇ.

ಮುರಗೋಡದ ಮೇಲೆ ಹಾದು ಸವದತ್ತಿಗೆ, ಬಾಡಿಗೆಯ ಜನರನ್ನು ಹೊತ್ತು, ದಿನಕ್ಕೊಂದು ಖೇಪು. ಸಪಾಟು ರಸ್ತೆಯಲ್ಲಿ ಮೋಟಾರಿಗೆ ಎದುರಿಲ್ಲ. ಆದರೆ ಸವದತ್ತಿ ಇನ್ನೆರಡು ಮೈಲು ಇರುವಾಗ ಒಂದು ಏರು ಬರುತ್ತಿತ್ತು. ಅದರ ನಟ್ಟನಡುವೆ ಮೋಟಾರು ಕೆಮ್ಮಿ, ನಡುಗಿ, ನಿಂತೇ ಬಿಡುತ್ತಿತ್ತು. ಬಾಡಿಗೆ ಕೊಟ್ಟು ದೊಡ್ಡಸ್ತಿಕೆಯಿಂದ ಕುಳಿತವರು ಧೋತರ ಎತ್ತಿಕಟ್ಟಿ ನೂಕುತ್ತಿದ್ದರು. ಪಕ್ಕದಲ್ಲಿ ಚಕ್ಕಡಿಯವರು ಹಾಡುತ್ತ ಹತ್ತಿಹೋಗುತ್ತಿದ್ದರು. ಅವರೆಲ್ಲ ಹಣಮಂತಪ್ಪನ ಗೆಳೆಯರೇ, ಆದ್ದರಿಂದ ನಗುವುದನ್ನು ಬಿಡಲಿಲ್ಲ.

ಮೂರು ವಾರ ಇದು ನಡೆದ ಮೇಲೆ ಸಾವಕಾರರು ಅವನನ್ನು ಕರೆದರು.

“ಬರೋ ಸೋಮವಾರ ನಾನೂ ಬರತೇನಿ, ಹಣಮಂತಪ್ಪ. ಏರಿನ್ಯಾಗ ನಿಂತ್ರ ಆತು, ಬೆಳಗಾವಿಂದ ಬ್ಯಾರೆ ಡ್ರಾಯವರ ಬರತಾನ. ನೀ ನಿನ್ನ ಎತ್ತಿನ ಕಡೆ ಹೋಗು.”

ಯಾವ ಎತ್ತಿನ ಕಡೆ? ಅವು ಈಗ ರಾಮದುರ್ಗದ ಯಾರದೋ ಹೊಲದಲ್ಲಿದ್ದವು. ಹಣಮಂತಪ್ಪನಿಗೆ ನಿಜವಾಗಿ ಭಯವಾಯಿತು. ನಲವತ್ತೆರಡನೆಯ ವಯಸ್ಸಿನಲ್ಲಿ, ಇತ್ತ ಚಕ್ಕಡಿಯೂ ಇಲ್ಲದೆ ಅತ್ತ ಮೋಟಾರೂ ಇಲ್ಲದೆ, ಊರಿಗೆ ಹೋಗಿ ಹೆಂಡತಿಯ ಎದುರು ಹೇಗೆ ನಿಲ್ಲುವುದು?

ಆ ಗುರುವಾರ ಮೋಟಾರು ನೂಕಿದವರಲ್ಲಿ ಉಳವಪ್ಪ ಮಾಸ್ತರ ಒಬ್ಬ. ಬೈಲಹೊಂಗಲದ ಸಾಲಿಯಲ್ಲಿ ಗಣಿತ ಕಲಿಸುವವನು, ಪುಣೆಯ ಕಾಲೇಜು ಕಂಡವನು. ನೂಕಿ ಬೆವೆತವರೆಲ್ಲ ಬೈದರೆ, ಇವನೊಬ್ಬ ಕೇಳಿದ:

“ಹಣಮಂತಣ್ಣಾ, ಗೇರು ಯಾವಾಗ ಬದಲಸ್ತಿ?”

“ಪೂರಾ ದಮ್ಮ ಹೋದ ಮ್ಯಾಲ್ರಿ. ಎತ್ತು ಏರಿನ್ಯಾಗ ಸಾವಕಾಶ ಆದಷ್ಟೂ ನೊಗಕ್ಕ ಹೆಗಲು ಕೊಟ್ಟು ಜಗ್ಗತಾವ. ಆಗ ಅವನ್ನ ಕೆಣಕಬಾರದು.”

“ಇದು ಎತ್ತಲ್ಲಲ್ಲ?”

“ಎತ್ತಾದ್ರ ಹತ್ತತಿತ್ತು ಬಿಡ್ರಿ,” ಎಂದ ಹಣಮಂತಪ್ಪ ಸಿಟ್ಟಿನಿಂದ.

ಶನಿವಾರ ಸಾಲಿ ಬಿಟ್ಟೊಡನೆ ಮಾಸ್ತರ ಮೋಟಾರು ನಿಲ್ಲುತ್ತಿದ್ದ ಹತ್ತಿಯ ವಖಾರಿಗೆ ಬಂದ. ಹಿಂದಿನ ಒಂದು ಗಾಲಿಯನ್ನು ನೆಲದಿಂದ ಎತ್ತಿ, ಟೈರು ಬಿಚ್ಚಿಸಿ, ಬರಿ ಗಾಲಿಗೆ ದಪ್ಪ ಹಗ್ಗ ಸುತ್ತಿಸಿದ. ಹಗ್ಗದ ಒಂದು ತುದಿ ಹತ್ತಿ ತೂಗುವ ಕೊಕ್ಕೆಯ ಕಾಟಾಕ್ಕೆ, ಇನ್ನೊಂದು ಹಣಮಂತಪ್ಪನ ಕೈಗೆ. ಗಾಲಿಗೆ ಒಂದು ಸುಣ್ಣದ ಗುರುತು. ಮೂರನೆಯ ಗೇರಿನಲ್ಲಿ ಇಂಜಿನಿಗೆ ಪೂರಾ ಎಣ್ಣೆ ಬಿಟ್ಟು ಹಗ್ಗವನ್ನು ಬಿಗಿಯುತ್ತ ಹೋದರೆ, ಗಾಲಿ ಒಂದು ನಿಮಿಷಕ್ಕೆ ಎಷ್ಟು ಸುತ್ತು, ಕಾಟಾದಲ್ಲಿ ಜಗ್ಗು, ಅಂದರೆ ಎಳೆತ, ಎಷ್ಟು ಸೇರು ಎಂದು ಮಾಸ್ತರ ಗಡಿಯಾರ ಹಿಡಿದು ಬರೆದುಕೊಂಡ. ಹಗ್ಗ ಹೊಗೆಯಾಡಿತು, ನೀರು ಸುರಿದರು. ನೂರೆಂಬತ್ತು ಸುತ್ತಿಗೆ ನಲವತ್ತಾರು ಸೇರು. ನೂರಿಪ್ಪತ್ತಕ್ಕೆ ಐವತ್ತನಾಲ್ಕು. ಇನ್ನೂ ಬಿಗಿದು ತೊಂಬತ್ತಕ್ಕೆ ಇಳಿಸಿದಾಗ ಐವತ್ತಕ್ಕೆ ಬಿತ್ತು, ಮರುಗಳಿಗೆ ಇಂಜಿನು ಧಡ್ಡೆಂದು ನಿಂತಿತು.

ಹಣಮಂತಪ್ಪ ಬೆರಗಾದ. “ಸಾವಕಾಶ ಆದ್ರ ಜಗ್ಗು ಹೆಚ್ಚಾಗಬೇಕಲ್ಲರಿ?”

ಮಾಸ್ತರ ಪಾಟಿಯ ಮೇಲೆ ಅಂಕಿಗಳನ್ನು ಚುಕ್ಕೆಗಳಾಗಿಟ್ಟು ಕೂಡಿಸಿದ. ಒಂದು ದಿಣ್ಣೆ ಮೂಡಿತು. ಪುಣೆಯಲ್ಲಿ ಅವನು ಕಲಿತ ಕಲನಗಣಿತ ಕೇಳುವುದು ಒಂದೇ ಮಾತು: ವೇಗವನ್ನು ಒಂದು ಚೂರು ಬದಲಿಸಿದರೆ ಜಗ್ಗು ಹೆಚ್ಚುತ್ತದೋ, ಕಡಿಮೆಯಾಗುತ್ತದೋ, ಎಷ್ಟು? ಮೂರು ವರ್ಷದಿಂದ ಆ ವಿದ್ಯೆಯನ್ನು ಕೇಳಿದವರೇ ಇರಲಿಲ್ಲ. ಹೀಗಾಗಿ ಅವನಿಗೂ ಹುರುಪು ಬಂದಿತ್ತು.

“ನೂರಿಪ್ಪತ್ತರಾಗ ನೆತ್ತಿ ಐತಿ. ಅಲ್ಲಿ ಚೂರು ಹಿಂದ ಮುಂದ ಆದ್ರೂ ಜಗ್ಗು ಬದಲಾಗಂಗಿಲ್ಲ. ಅದಕ್ಕಿಂತ ಜೋರಿದ್ದಾಗ ನಿನ್ನ ಎತ್ತಿನಂಗ: ವೇಗ ಇಳಿದಷ್ಟೂ ಜಗ್ಗು ಏರತೈತಿ, ತಾನ ಸುಧಾರಿಸ್ಕೋತೈತಿ. ನೆತ್ತಿ ದಾಟಿ ಕೆಳಗ ಬಂತೋ, ವೇಗ ಇಳಿದಂಗ ಜಗ್ಗೂ ಇಳೀತೈತಿ. ಜಗ್ಗು ಇಳಿದ್ರ ವೇಗ ಮತ್ತೂ ಇಳೀತೈತಿ. ಆಗ ದೇವರು ಬಂದ್ರೂ ಉಳಸಂಗಿಲ್ಲ.”

“ಹಂಗಾರ ನೂರಿಪ್ಪತ್ತರಾಗ ಓಡಸ್ಬೇಕ್ರಿ?”

“ಅಲ್ಲ. ಜಗ್ಗನ್ನ ಸುತ್ತಿಲೆ ಗುಣಿಸಿದ್ರ ಕಸುವು. ನೂರಿಪ್ಪತ್ತರ ಮುಂದ ಜಗ್ಗು ಕಡಿಮಿ ಆದ್ರೂ ಸುತ್ತು ಹೆಚ್ಚಾಗತಾವ. ಹಿಂಗಾಗಿ ಕಸುವು ನೂರೆಂಬತ್ತರ ತನಕ ಏರಕೋತ ಹೊಕ್ಕೈತಿ. ಏರು ಬಂದಾಗ ಇಂಜಿನು ಇವೆರಡರ ನಡುವ ಇರಬೇಕು. ಸುತ್ತು ಇಳಕೋತ ಆ ನೆತ್ತಿಗೆ ಬರೂದರಾಗ ಎರಡನೇ ಗೇರು ಹಾಕು, ಇಂಜಿನಿನ ಸುತ್ತು ಮತ್ತ ಏರತಾವ.”

ಸುತ್ತು ಎಣಿಸುತ್ತ ಮೋಟಾರು ನಡೆಸಲಾಗುತ್ತದೆಯೇ? ಆದ್ದರಿಂದ ಭಾನುವಾರವೆಲ್ಲ ಹಣಮಂತಪ್ಪ ಹಗ್ಗ ಬಿಗಿಯುತ್ತ, ಸಡಿಲಿಸುತ್ತ ಇಂಜಿನಿನ ದನಿ ಕೇಳಿದ. ಸಂಜೆಯ ಹೊತ್ತಿಗೆ ಮಾಸ್ತರನ ಗಡಿಯಾರಕ್ಕಿಂತ ಮೊದಲೇ “ಈಗ!” ಎನ್ನತೊಡಗಿದ. ಕಿವಿ ಕಲಿಯಿತು. ಕೈ ಮಾತ್ರ ಒಪ್ಪಲೊಲ್ಲದು. ಚೆನ್ನಾಗಿ ನಡೆಯುತ್ತಿರುವ ಎತ್ತಿಗೆ ಬಾರುಕೋಲು ಬೀಸಿದಂತೆ ಅನಿಸುತ್ತಿತ್ತು ಅವನಿಗೆ.

ಸೋಮವಾರ ಸಾವಕಾರರು ಅವನ ಪಕ್ಕದಲ್ಲೇ ಕುಳಿತರು. ಮಾಸ್ತರ ಹಿಂದಿನ ಸಾಲಿನಲ್ಲಿದ್ದ. “ಕೈಸನ್ನಿ ಮಾಡಬ್ಯಾಡ್ರಿ,” ಎಂದು ಹಣಮಂತಪ್ಪ ಮೊದಲೇ ಹೇಳಿದ್ದ. “ಬಿದ್ರ ನಾನ ಬೀಳತೇನಿ.”

ಏರು ಬಂತು. ಮೂರನೆಯ ಗೇರಿನಲ್ಲಿ ಮೋಟಾರು ಮಜಬೂತಾಗಿ ಹತ್ತುತ್ತಿತ್ತು. ದನಿ ಒಂದಿಷ್ಟು ಇಳಿಯಿತು, ಮತ್ತೊಂದಿಷ್ಟು ಇಳಿಯಿತು. ಇಪ್ಪತ್ತು ವರ್ಷದ ಚಕ್ಕಡಿಯವನು ಅವನೊಳಗೆ ತಡೆ, ತಡೆ ಎಂದು ಕೂಗುತ್ತಿದ್ದ. ಹಣಮಂತಪ್ಪ ಹಲ್ಲು ಕಚ್ಚಿ ಗೇರಿನ ಕಡ್ಡಿಗೆ ಕೈ ಹಾಕಿದ.

“ಇನ್ನೂ ದಮ್ಮ ಐತೆಲೋ!” ಸಾವಕಾರರು ಅವನ ರಟ್ಟೆ ಹಿಡಿದರು. “ಯಾಕ ಅದನ್ನ ಜಗ್ಗತಿ?”

“ಸುಮ್ಮ ಕುಂಡ್ರಿ, ಸಾವಕಾರ್ರ!”

ಅಷ್ಟು ಜನರ ಎದುರಿಗೆ ಅಂದುಬಿಟ್ಟ. ಗೇರು ಕಿರ್ರೆಂದು ಬಿತ್ತು, ಇಂಜಿನಿನ ದನಿ ಎದ್ದು ನಿಂತಿತು. ಮೋಟಾರು ದಿನಾ ಸಾಯುವ ಜಾಗವನ್ನು ದಾಟಿತು, ಚಕ್ಕಡಿಗಳನ್ನು ದಾಟಿತು, ನೆತ್ತಿಗೆ ಬಂತು. ಅಲ್ಲಿ ನಿಲ್ಲಿಸಿದ ಹಣಮಂತಪ್ಪನ ಕಣ್ಣು ತುಂಬಿದ್ದವು. ಅದು ಸಂತೋಷವೋ, ಆಡಿದ ಮಾತಿನ ಹೆದರಿಕೆಯೋ, ಅವನಿಗೂ ತಿಳಿಯಲಿಲ್ಲ.

ಸಾವಕಾರರು ಕೆಳಗಿಳಿದರು. “ಚಂದ ಹೊಂಟಿದ್ದನ್ನ ಯಾಕ ಬದಲಿಸ್ದಿ? ಹೇಳು.”

ಹಣಮಂತಪ್ಪ ಹಿಂದೆ ತಿರುಗಿ ನೋಡಿದ. ಮಾಸ್ತರ ಬೇಕೆಂದೇ ಹೊಲದ ಕಡೆ ಮುಖ ಮಾಡಿದ್ದ. ಆಗ ತನ್ನ ಹೆಸರು ಬರೆಯಲೂ ಬಾರದ ಹಣಮಂತಪ್ಪ ರಸ್ತೆಯ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬೆರಳಿನಿಂದ ದಿಣ್ಣೆ ಬರೆದ. ಈ ಕಡೆ ಇದ್ದರೆ ಏನು, ಆ ಕಡೆ ಜಾರಿದರೆ ಏನು ಎಂದು ಬಿಡಿಸಿ ಹೇಳಿದ. ಸಾವಕಾರರೂ ಧೋತರ ಮಡಚಿಕೊಂಡು ಕುಳಿತರು. ಎರಡು ಸಲ ಕೇಳಿ, ಮೂರನೆಯ ಸಲಕ್ಕೆ ತಲೆ ಆಡಿಸಿದರು.

“ಬೆಳಗಾವಿಯವಗ ನಾ ಆಗಲೇ ಬಾ ಅಂದೇನಿ,” ಎಂದರು ಮೆಲ್ಲಗೆ. “ನಾಳಿಗೆ ಬರಾವ. ಬರಬ್ಯಾಡ ಅಂತ ತಾರು ಮಾಡಸ್ತೇನಿ.”

ಹಾಗಾದರೆ ಇವತ್ತಿನ ಪರೀಕ್ಷೆ ಬರೀ ನೆಪ. ಹಣಮಂತಪ್ಪನ ಎದೆ ಒಮ್ಮೆ ಉರಿಯಿತು. ಬೆರಳಿನ ಧೂಳನ್ನು ಖಾಕಿ ಕೋಟಿಗೆ ಒರೆಸಿಕೊಂಡು ಎದ್ದು ನಿಂತ.

“ಬರ್ಲಿ ಬಿಡ್ರಿ, ಸಾವಕಾರ್ರ. ಈ ಏರು ಅವಗೂ ಗೊತ್ತಿರಂಗಿಲ್ಲ. ನಾ ಕಲಸ್ತೇನಿ.”

ಸಾವಕಾರರು ಎದ್ದು ಧೋತರದ ಧೂಳು ಕೊಡವಿದರು. ಹೋಗಿ ಮೋಟಾರಿನಲ್ಲಿ ಸುಮ್ಮನೆ ಕುಳಿತರು.