ನಡುವೆ ಸ್ಟಾಪ್ ಇಲ್ಲದ ದಾರಿ

ನನ್ನ ಗಂಡ ಬಸ್ ಡ್ರೈವರ್. ಎಷ್ಟೋ ವರ್ಷಗಳಿಂದ ಒಂದೇ ರೂಟು. ಬೆಳಿಗ್ಗೆ ಹೋದರೆ ಸಂಜೆ ವಾಪಸ್ಸು. ಬಸ್ಸು ದೊಡ್ಡ ಸ್ಟಾಪಿನಲ್ಲಿ ನಿಂತಾಗಲೆಲ್ಲ ನನಗೊಂದು ಮಿಸ್ಡ್ ಕಾಲ್ ಕೊಡುತ್ತಾರೆ. ಒಂದು ರಿಂಗು, ಅಷ್ಟೇ. ನಾನು ಎತ್ತಬಾರದು, ಅವರು ಮಾತಾಡಬಾರದು. ಸಂಜೆ ಕೊನೆಯದಾಗಿ ಸೇತುವೆ ಸ್ಟಾಪಿನ ರಿಂಗು ಬಂತೆಂದರೆ ನಾನು ಸ್ನಾನಕ್ಕೆ ನೀರು ಕಾಯಲು ಇಡುತ್ತೇನೆ. ಅವರು ಚಪ್ಪಲಿ ಬಿಡುವ ಹೊತ್ತಿಗೆ ನೀರು ಹದವಾಗಿರುತ್ತದೆ. ನಮ್ಮ ಸಂಸಾರದ ಸರಸವೆಲ್ಲ ಇಷ್ಟರಲ್ಲೇ ಮುಗಿಯುತ್ತದೆ.

ಹೀಗಿರುವಾಗ ಸಮುದ್ರದಾಚೆ ಇರುವ ನನ್ನ ಒಬ್ಬಳೇ ಅಕ್ಕನ ಫೋನು ಬಂತು. ಸೊಂಟದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. "ನೀನು ಪಕ್ಕದಲ್ಲಿದ್ರೆ ಧೈರ್ಯ ಕಣೇ" ಎಂದಳು. ಟಿಕೆಟ್ಟನ್ನೂ ಅವಳೇ ಕಳಿಸಿದಳು.

ಗಂಡ ಬೇಡ ಎನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಷ್ಟು ದೂರ?"

"ಹನ್ನೊಂದು ಸಾವಿರ ಕಿಲೋಮೀಟರಂತೆ. ಹದಿನಾಲ್ಕು ಗಂಟೆ."

"ನಡುವೆ ಎಲ್ಲೆಲ್ಲಿ ನಿಲ್ಲುತ್ತೆ?"

"ಎಲ್ಲೂ ನಿಲ್ಲಲ್ಲ."

"ಎಲ್ಲೂ ನಿಲ್ಲಲ್ಲ ಅಂದ್ರೆ? ಮತ್ತೆ ನೀನು ರಿಂಗ್ ಕೊಡೋದು ಎಲ್ಲಿಂದ?"

ಈ ಮನುಷ್ಯನಿಗೆ ದೂರದ ಭಯವಿಲ್ಲ, ನನ್ನ ಸುಳಿವಿಲ್ಲದೆ ಅಷ್ಟು ಹೊತ್ತು ಇರುವ ಭಯ ಎಂದು ಆಗ ಗೊತ್ತಾಯಿತು. ಮುಖ ಊದಿಸಿಕೊಂಡು ಎರಡು ದಿನ ಓಡಾಡಿದರು. ಅತ್ತ ಅಕ್ಕ, ಇತ್ತ ಇವರು, ನನಗೂ ರೇಗಿಹೋಯಿತು. ಭೂಪಟವನ್ನು ನೆಲದ ಮೇಲೆ ಹಾಸಿ, ಹೊಲಿಗೆ ಡಬ್ಬಿಯಿಂದ ಗುಂಡಿಗಳನ್ನು ತೆಗೆದು ವಿಮಾನದ ದಾರಿಯುದ್ದಕ್ಕೂ ಗಂಟೆಗೊಂದರಂತೆ ಇಟ್ಟೆ.

"ತಗೊಳ್ಳಿ, ನಿಮ್ಮ ಸ್ಟಾಪುಗಳು. ಗಡಿಯಾರ ನೋಡ್ಕೊಂಡು ಕೂತಿರಿ. ಇಷ್ಟು ಹೊತ್ತಿಗೆ ಇಲ್ಲಿ, ಇಷ್ಟು ಹೊತ್ತಿಗೆ ಅಲ್ಲಿ."

ಅವರು ಮಂಡಿಯೂರಿ ಕೂತು ಬಹಳ ಹೊತ್ತು ಪರೀಕ್ಷೆ ಮಾಡಿದರು. ಆಮೇಲೆ ನಡುಸಮುದ್ರದ ಒಂದು ಗುಂಡಿಯನ್ನು ಬೆರಳಿನಿಂದ ಸ್ವಲ್ಪ ಮುಂದೆ ತಳ್ಳಿದರು.

"ಅಲ್ಲಿ ಬರೀ ನೀರು. ಇಲ್ಲೊಂದು ದ್ವೀಪ ಇದೆ ನೋಡು, ಇಲ್ಲಿರಲಿ."

ಒಪ್ಪಿದ್ದಾರೆ ಎಂದುಕೊಂಡು ನಾನು ಪೆಟ್ಟಿಗೆ ಇಳಿಸಿದೆ.

ವಿಮಾನ ಹತ್ತುವ ಮೊದಲು ರಿಂಗು ಕೊಟ್ಟು ಫೋನು ಆಫ್ ಮಾಡಿದೆ. ಅರ್ಧ ದಾರಿ ನಿದ್ದೆ, ಅರ್ಧ ದಾರಿ ಅಕ್ಕನ ಚಿಂತೆ. ಇಳಿದು ಫೋನು ಆನ್ ಮಾಡಿದರೆ ಅದು ಕೈಯಲ್ಲಿ ಗುರ್ರೆನ್ನತೊಡಗಿತು, ನಿಲ್ಲಲೇ ಇಲ್ಲ. ಎಲ್ಲವೂ ಮಿಸ್ಡ್ ಕಾಲ್ ಬಂದಿದ್ದರ ಮೆಸೇಜುಗಳು, ಎಲ್ಲವೂ ಒಂದೇ ನಂಬರಿನಿಂದ. ಫೋನು ಆಫ್ ಆಗಿರುತ್ತದೆಂದು ಗೊತ್ತಿದ್ದೂ ಆ ಪುಣ್ಯಾತ್ಮ ಮನೆಯಲ್ಲಿ ಕೂತು ಗಂಟೆಗೊಂದು ಕೊಟ್ಟಿದ್ದರು. ಒಂದು ಮಾತ್ರ ಕೊಂಚ ತಡವಾಗಿತ್ತು. ಅದು ದ್ವೀಪದ್ದು.

ನನ್ನ ಕಣ್ಣು ತುಂಬಿ ಬಂತು. ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ನಿಂತೇ ಒಂದು ರಿಂಗು ಕೊಟ್ಟೆ. ಅದು ಮುಗಿಯುವ ಮೊದಲೇ ಅವರು ಎತ್ತಿಬಿಟ್ಟರು.

"ಯಾಕ್ರೀ ಎತ್ತಿದ್ರಿ? ಎತ್ತಬಾರದು ಅಂತ ನೀವೇ ಹೇಳಿದ್ದಲ್ವಾ?"

"ತಲುಪಿದ್ಯಾ?"

"ತಲುಪಿದೆ. ಅಕ್ಕನ ಮಗಳು ಹೊರಗೆ ಕಾಯ್ತಿದಾಳೆ."



"ಓಡಿಸೋನಿಗೆ ಏನೂ ಗೊತ್ತಾಗಲ್ಲ ಕಣೇ" ಎಂದರು. "ಇಷ್ಟು ವರ್ಷ ದಿನಾ ಹೇಗೆ ಕಾದೆ ನೀನು?"

"ನೀರು ಕಾಯಿಸ್ತಾ" ಎಂದೆ.

"ನಾನೂ ಇಟ್ಟಿದ್ದೆ" ಎಂದರು. "ಕೊನೇ ಗುಂಡಿ ಹತ್ರ ಬಂದಾಗ ಒಂದು ಹಂಡೆ ಇಟ್ಟುಬಿಟ್ಟೆ. ನೀನು ಬರೋದು ಇಲ್ಲಿಗಲ್ಲ ಅಂತ ಆಮೇಲೆ ನೆನಪಾಯ್ತು."